ಇಪ್ಪತ್ತು ಹಕ್ಕಿ, ಐದು ಕೂಗು, ಒಂದು ನೀಲಿ ಕಾರ್ಡು

ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದವರೆಗೆ ನ್ಯೂಜೆರ್ಸಿಯ ನೇಚರ್ ಸೆಂಟರುಗಳಲ್ಲಿ ಶನಿವಾರದ ಸ್ಕೌಟ್ ತರಗತಿಗಳು ಬೇಗ ತುಂಬಿಹೋಗುತ್ತವೆ. ದಕ್ಷಿಣದಿಂದ ಬರುವ ವಾರ್ಬ್ಲರ್ ಎಂಬ ಪುಟ್ಟ ಹಾಡುಹಕ್ಕಿಗಳು ಆ ದಿನಗಳಲ್ಲೇ ಇಲ್ಲಿ ಹಾದುಹೋಗುತ್ತವೆ. ಮರಗಳು ಇನ್ನೂ ಪೂರ್ತಿ ಎಲೆ ತುಂಬಿಕೊಂಡಿರುವುದಿಲ್ಲ, ಹಾಗಾಗಿ ಕೂಗಿದ ಹಕ್ಕಿ ಕಣ್ಣಿಗೂ ಬೀಳುತ್ತದೆ. ಹಕ್ಕಿಗಳನ್ನು ನೋಡಿ ಗುರುತಿಸಲು ಕಲಿತ ಸ್ಕೌಟಿಗೆ ಸಿಗುವ ಬರ್ಡ್ ಸ್ಟಡಿ ಮೆರಿಟ್ ಬ್ಯಾಡ್ಜಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಬೆಳಗ್ಗೆ ಮಗುವನ್ನು ಬಿಟ್ಟು ಮಧ್ಯಾಹ್ನ ಬ್ಯಾಡ್ಜ್ ಸಮೇತ ಕರೆದುಕೊಂಡು ಹೋಗುವ ಕಾರ್ಯಕ್ರಮ ಇದಲ್ಲ. ಇಂಥ ತರಗತಿಗಳಲ್ಲಿ ಕೌನ್ಸೆಲರ್ ಆಗಿ, ಅಂದರೆ ಮಗುವಿನ ಕೆಲಸ ನೋಡಿ ಸಹಿ ಹಾಕುವವರಾಗಿ, ನಿಂತವರಿಗೆ ಒಂದು ಸಂಗತಿ ಬೇಗ ಗೊತ್ತಾಗುತ್ತದೆ: ನೋಟ್‌ಬುಕ್ಕನ್ನು ಮನೆಯಲ್ಲೇ ಅರ್ಧ ತುಂಬಿಸಿಕೊಂಡು ಬಂದ ಮಗು ಆ ದಿನದ ಪೂರ್ತಿ ಲಾಭ ಪಡೆಯುತ್ತದೆ, ಬರಿಗೈಯಲ್ಲಿ ಬಂದ ಮಗು ಅರ್ಧ ಮುಗಿದ ನೀಲಿ ಕಾರ್ಡು, ಅಂದರೆ ಮುಗಿಸಿದ ಷರತ್ತುಗಳಿಗೆ ಸಹಿ ಬೀಳುವ ಕಾರ್ಡು, ಹಿಡಿದು ಮನೆಗೆ ಹೋಗುತ್ತದೆ.

ಮೊದಲು, ಯಾವ ತರಗತಿ ಯಾರಿಗೆ ಎಂಬುದು. ಮೆರಿಟ್ ಬ್ಯಾಡ್ಜ್ ಇರುವುದು ಟ್ರೂಪ್ ಎಂಬ ಸ್ಥಳೀಯ ತಂಡಕ್ಕೆ ಸೇರಿದ ಸ್ಕೌಟುಗಳಿಗೆ, ಅಂದರೆ ಸುಮಾರು 11ರಿಂದ 17 ವರ್ಷದವರಿಗೆ. 2019ರಿಂದ ಹೆಣ್ಣುಮಕ್ಕಳಿಗೂ ಈ ಟ್ರೂಪುಗಳಿವೆ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಎಂಬ ಸಂಸ್ಥೆಯ ಹೆಸರು 2025ರ ಫೆಬ್ರುವರಿಯಿಂದ ಸ್ಕೌಟಿಂಗ್ ಅಮೆರಿಕ ಎಂದಾಗಿದೆ. ಮೂರನೇ ಕ್ಲಾಸಿನ ಮಗು ಕಬ್ ಸ್ಕೌಟ್, ಅಂದರೆ ಕಿರಿಯರ ವಿಭಾಗದ್ದು; ಅದಕ್ಕೆ ಅಡ್ವೆಂಚರ್ ಎಂಬ ಬೇರೆಯೇ ಚಟುವಟಿಕೆಗಳಿವೆ, ಅದರ ಗುಂಪು ನೋಡಿಕೊಳ್ಳುವ ಡೆನ್ ಲೀಡರ್ ಒಪ್ಪಿದರೆ ಸಾಕು, ಕೌನ್ಸೆಲರ್ ಬೇಕಿಲ್ಲ. ಗರ್ಲ್ ಸ್ಕೌಟ್ಸ್ ಪೂರ್ತಿ ಬೇರೆ ಸಂಸ್ಥೆ. ಅವರ ಬ್ಯಾಡ್ಜುಗಳನ್ನು ಅವರ ಲೀಡರ್‌ಗಳೇ ನೋಡಿಕೊಳ್ಳುತ್ತಾರೆ, ನೀಲಿ ಕಾರ್ಡಿನ ಪ್ರಶ್ನೆಯೇ ಇಲ್ಲ. ನೇಚರ್ ಸೆಂಟರಿನ ಪಟ್ಟಿಯಲ್ಲಿ ಮೂವರ ತರಗತಿಗಳೂ ಒಂದೇ ಕಡೆ ಇರುವುದರಿಂದ, ಅಣ್ಣನ ಜೊತೆ ಹೋಗಲಿ ಎಂದು ಎಂಟು ವರ್ಷದ ತಂಗಿಯ ಹೆಸರನ್ನೂ ಮೆರಿಟ್ ಬ್ಯಾಡ್ಜಿಗೆ ಬರೆಸುವ ಮನೆಗಳಿವೆ. ಅವಳು ಬಂದು ನೋಡಿ ಕಲಿಯಬಹುದು, ಬ್ಯಾಡ್ಜ್ ಸಿಗುವುದಿಲ್ಲ.

ಹೆಸರು ಬರೆಸುವ ಮೊದಲು ಮಗುವೇ ತನ್ನ ಟ್ರೂಪಿನ ಮುಖ್ಯಸ್ಥರಾದ ಸ್ಕೌಟ್‌ಮಾಸ್ಟರ್ ಜೊತೆ ಮಾತಾಡಿ ನೀಲಿ ಕಾರ್ಡಿಗೆ ಅವರ ಸಹಿ ಹಾಕಿಸಿಕೊಳ್ಳಬೇಕು. ಅಪ್ಪ ಅಮ್ಮ ಮಾತಾಡಿದರೆ ಆಗದೇ ಎಂದರೆ ಆಗದು. ದೊಡ್ಡವರೊಡನೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದನ್ನು ಕಲಿಸುವುದೂ ಈ ಕ್ರಮದ ಒಂದು ಉದ್ದೇಶ. ಕಾರ್ಡಿಗೆ ಮೂರು ಭಾಗ: ಒಂದು ಟ್ರೂಪಿಗೆ, ಒಂದು ಮಗುವಿಗೆ, ಒಂದು ಕೌನ್ಸೆಲರ್‌ಗೆ. ಜೊತೆಗೆ ಸ್ಕೌಟುಗಳ ಆರೋಗ್ಯ ಫಾರ್ಮಿನ ಎ ಮತ್ತು ಬಿ ಭಾಗ ಬೇಕು. ನೇಚರ್ ಸೆಂಟರಿನವರು ಕೇಳುವ ಒಪ್ಪಿಗೆ ಪತ್ರ ಬೇರೆ. ಅಲರ್ಜಿ ಇದ್ದರೆ ಖಂಡಿತ ಬರೆಯಿರಿ. ಹಕ್ಕಿ ಕಾಳಿನ ಮಿಶ್ರಣದಲ್ಲಿ ಕಡಲೆಕಾಯಿ ಬೀಜ ಇರುವುದು ಸಾಮಾನ್ಯ.

ಜೊತೆಯಲ್ಲಿ ದೊಡ್ಡವರು ಇರಲೇಬೇಕು. ಸ್ಕೌಟಿಂಗ್ ನಿಯಮದ ಪ್ರಕಾರ ಯಾವ ಚಟುವಟಿಕೆಗೂ 21 ದಾಟಿದ, ನೋಂದಾಯಿಸಿಕೊಂಡ ಇಬ್ಬರು ವಯಸ್ಕರು ಬೇಕು. ಸೆಂಟರಿನ ನ್ಯಾಚುರಲಿಸ್ಟ್ ಒಬ್ಬರೇ ಇದ್ದರೆ ಸಾಲದು. ಬರಬೇಕಾದ ಲೀಡರ್ ಕೊನೆಗಳಿಗೆಯಲ್ಲಿ ತಪ್ಪಿಸಿಕೊಂಡರೆ ಇಡೀ ಗುಂಪು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹಾಗಾಗಿ ಇಬ್ಬರು ಬೇಕಾದಾಗ ಮೂವರ ಹೆಸರು ಬರೆದಿಟ್ಟುಕೊಳ್ಳುವುದು ಜಾಣತನ.

ಬ್ಯಾಡ್ಜಿನ ಷರತ್ತುಗಳನ್ನು ಸ್ಕೌಟಿಂಗ್ ಅಮೆರಿಕದ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದರೆ ಮೊದಲು ಸಿಗುವ ವರ್ಕ್‌ಶೀಟುಗಳಲ್ಲಿ ಎಷ್ಟೋ ಹಳೆಯವು. ವರ್ಕ್‌ಶೀಟ್ ತುಂಬಿಸುವುದು ಕಡ್ಡಾಯವೂ ಅಲ್ಲ. ಷರತ್ತಿನ ಮಾತು ಹೇಗಿದೆಯೋ ಹಾಗೆಯೇ ಮಾಡಬೇಕು, ಹೆಚ್ಚೂ ಬೇಡ, ಕಡಿಮೆಯೂ ನಡೆಯದು. ‘ವಿವರಿಸು’ ಎಂದಿದ್ದರೆ ಪ್ರತಿ ಮಗುವೂ ಬಾಯಿಬಿಟ್ಟು ವಿವರಿಸಬೇಕು. ಹತ್ತು ಮಕ್ಕಳ ಗುಂಪಿನಲ್ಲಿ ಒಬ್ಬ ಉತ್ತರ ಹೇಳಿ ಉಳಿದ ಒಂಬತ್ತು ಮಂದಿ ತಲೆಯಾಡಿಸಿದರೆ ಒಬ್ಬನದು ಮಾತ್ರ ಲೆಕ್ಕಕ್ಕೆ. ಸಮಯ ಹಿಡಿಯುವುದು ಇದಕ್ಕೇ. ಇಪ್ಪತ್ತೈದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಎಲ್ಲರಿಗೂ ಸಹಿ ಹಾಕಿಕೊಡುವ ತರಗತಿಗಿಂತ, ಎಂಟು ಹತ್ತು ಮಕ್ಕಳ ತರಗತಿಗೆ ಕಾಯುವುದೇ ಒಳ್ಳೆಯದು.

ತರಗತಿ ಬೆಳಗ್ಗೆ ಏಳೂವರೆಗೆ ಶುರು ಎಂದರೆ ಅದಕ್ಕೆ ಕಾರಣವಿದೆ. ಒಂಬತ್ತೂವರೆ ಕಳೆದರೆ ಹಾಡು ತಗ್ಗುತ್ತದೆ. ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ ಬರಬೇಕು. ಮೇ ತಿಂಗಳಿಂದ ಜುಲೈವರೆಗೆ ಲೈಮ್ ರೋಗ ಹರಡುವ ಉಣ್ಣೆಯ ಮರಿಗಳು ಹುಲ್ಲಿನ ತುದಿಯಲ್ಲಿ ಕಾದಿರುತ್ತವೆ, ಗಸಗಸೆ ಕಾಳಿಗಿಂತ ಅಷ್ಟೇನೂ ದೊಡ್ಡವಲ್ಲ. ಮನೆಗೆ ಹೋದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ನೋಡಿ ಸ್ನಾನ ಮಾಡಿಸಿ. ಮೂರೆಲೆಯ ಗೊಂಚಲು ಕಂಡರೆ ಮುಟ್ಟಬಾರದು, ಪಾಯ್ಸನ್ ಐವಿ ಆಗಿದ್ದರೆ ವಾರಗಟ್ಟಲೆ ತುರಿಕೆ.

ಬೈನಾಕ್ಯುಲರ್‌ಗೆ ಮೊದಲ ಅರ್ಧ ಗಂಟೆ ಕೊಡುತ್ತೇವೆ, ಅಷ್ಟೂ ಬೇಕು. ಅದರ ಮೈಮೇಲೆ ಬರೆದಿರುವ 8×42ರಲ್ಲಿ ಎಂಟು ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಎಂದು. 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬೀಳುವ ಬೆಳಕಿನ ಕಂಬ ಅಷ್ಟು ಮಿಲಿಮೀಟರ್ ದಪ್ಪ. ಜೇಬಿನ 8×21 ತಂದರೆ ಅದು 2.6ಕ್ಕೆ ಇಳಿಯುತ್ತದೆ, ಬಯಲಿನಲ್ಲಿ ಪರವಾಗಿಲ್ಲ, ಕಾಡಿನ ನೆರಳಲ್ಲಿ ಕತ್ತಲೆ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ಲವೇ ಎಂದು ಅಪ್ಪಂದಿರು ಕೇಳುತ್ತಾರೆ. ಹನ್ನೊಂದು ವರ್ಷದವರ ಕೈ ನಡುಗುವುದೂ ಹತ್ತು ಪಟ್ಟಾಗುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ. ಎಂಟೇ ಸಾಕು.

ಸರಿಹೊಂದಿಸುವ ಕ್ರಮ ಇದು. ಮೊದಲು ಪಟ್ಟಿ ಕುತ್ತಿಗೆಗೆ. ಕನ್ನಡಕ ಹಾಕಿದ ಮಗುವಾದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಹೊರಕ್ಕೆ. ಎರಡು ಕೊಳವೆಗಳನ್ನು ಮಡಚಿ ಬಿಡಿಸಿ ಎರಡು ವೃತ್ತ ಒಂದಾಗುವಂತೆ ಮಾಡಬೇಕು. ಆಮೇಲೆ ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರವನ್ನು ಎಡಗಣ್ಣಿಗೆ ನಡುವಿನ ಚಕ್ರದಿಂದ ಸ್ಪಷ್ಟ ಮಾಡಿಕೊಳ್ಳಬೇಕು. ಆ ಚಕ್ರ ಮುಟ್ಟದೆ ಎಡಗಣ್ಣು ಮುಚ್ಚಿ, ಬಲ ಕೊಳವೆಯ ಬಳೆಯನ್ನು ತಿರುಗಿಸಿ ಅದೇ ಅಕ್ಷರವನ್ನು ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಬಳೆ ನಿಂತ ಗುರುತು ನೆನಪಿಟ್ಟುಕೊಂಡರೆ ಮುಂದೆ ಚಕ್ರವೊಂದನ್ನೇ ತಿರುಗಿಸಿದರೆ ಸಾಕು. ‘ಕರಿ ಕರಿ ಕಾಣ್ತಿದೆ ಅಂಕಲ್’ ಎಂದು ಮಗು ಹೇಳಿದರೆ ಬಹುತೇಕ ಕೊಳವೆಗಳ ಅಂತರ ಅದರ ಕಣ್ಣಿಗಿಂತ ಅಗಲವಾಗಿದೆ ಎಂದೇ ಅರ್ಥ. ಪೂರ್ತಿ ಮಡಚಿದರೂ ಹೊಂದದಿದ್ದರೆ ಆ ಬೈನಾಕ್ಯುಲರ್ ಆ ಮಗುವಿಗಲ್ಲ. ಬೇರೆಯದು ಕೊಡಬೇಕು, ‘ಸರಿಯಾಗಿ ನೋಡು’ ಎಂದು ಗದರಿಸಬಾರದು. ಹಕ್ಕಿ ಹಿಡಿಯುವ ಗುಟ್ಟು ಒಂದೇ: ಹಕ್ಕಿಯ ಮೇಲಿಟ್ಟ ಕಣ್ಣು ಕದಲಿಸದೆ ಬೈನಾಕ್ಯುಲರನ್ನೇ ಕಣ್ಣಿಗೆ ತರಬೇಕು.

ಗಾಜು ಒರೆಸುವುದನ್ನೂ ಮಾಡಿ ತೋರಿಸಬೇಕು. ಮೊದಲು ಊದುವ ರಬ್ಬರ್ ಬುಗ್ಗೆಯಿಂದಲೋ ಮೆತ್ತನೆಯ ಬ್ರಷ್ಷಿನಿಂದಲೋ ಮರಳು, ಧೂಳು ತೆಗೆಯಬೇಕು. ಆಮೇಲಷ್ಟೇ ಲೆನ್ಸ್ ದ್ರವ ಹಾಕಿದ ಬಟ್ಟೆ. ದ್ರವವನ್ನು ಬಟ್ಟೆಗೆ ಹಾಕಬೇಕು, ಗಾಜಿಗಲ್ಲ. ಅಂಗಿಯ ಅಂಚಿನಲ್ಲಿ ಒರೆಸಿದರೆ ಅಲ್ಲಿರುವ ಮರಳೇ ಗಾಜನ್ನು ಗೀರುತ್ತದೆ.

ಮುಂದೆ ಚಿತ್ರ. ಕುಳಿತ ಹಕ್ಕಿಯೊಂದನ್ನು ಬರೆದು 15 ಭಾಗಗಳನ್ನು ಗುರುತಿಸಬೇಕು, ಬಿಚ್ಚಿದ ರೆಕ್ಕೆ ಬರೆದು ಗರಿಗಳ ಬಗೆಗಳನ್ನು ಗುರುತಿಸಬೇಕು. ನೆತ್ತಿ, ಹುಬ್ಬು, ಕೊಕ್ಕು, ಗಂಟಲು, ಎದೆ, ಹೊಟ್ಟೆ, ಪಕ್ಕೆ, ಬೆನ್ನು, ಸೊಂಟ, ಬಾಲ, ಕಾಲು ಎಂದು ಮನೆಯಲ್ಲಿ ಕನ್ನಡದಲ್ಲೇ ಕಲಿತಿದ್ದರೆ ಒಳ್ಳೆಯದೇ, ಹಾಳೆಯ ಮೇಲೆ ಮಾತ್ರ ಇಂಗ್ಲಿಷ್ ಹೆಸರು ಬರೆಯಬೇಕು. ಚಿತ್ರ ಚೆಂದವಿರಬೇಕೆಂದಿಲ್ಲ, ಗೆರೆ ಸರಿಯಾದ ಜಾಗಕ್ಕೆ ಹೋಗಬೇಕು. ರೆಕ್ಕೆಯಲ್ಲಿ ಮಕ್ಕಳು ಎಲ್ಲ ಗರಿಗಳನ್ನೂ ಬೀಸಣಿಗೆಯಂತೆ ಒಂದೇ ಅಳತೆಗೆ ಬರೆದುಬಿಡುತ್ತಾರೆ. ಹೊರತುದಿಯ ಉದ್ದನೆಯ ಪ್ರೈಮರಿ ಗರಿಗಳು ಹಕ್ಕಿಯ ಕೈಮೂಳೆಗೆ ಅಂಟಿಕೊಂಡವು, ಹಾಡುಹಕ್ಕಿಗಳಲ್ಲಿ ಒಂಬತ್ತೋ ಹತ್ತೋ. ಒಳಗಿನ ಸೆಕೆಂಡರಿಗಳು ಮುಂದೋಳಿನವು. ಸೆಂಟರಿನಲ್ಲಿರುವ ಒಣಗಿಸಿದ ರೆಕ್ಕೆಯನ್ನು ಮುಂದಿಟ್ಟುಕೊಂಡು ಬರೆದರೆ ಈ ವ್ಯತ್ಯಾಸ ತಾನಾಗಿ ಬರುತ್ತದೆ. ಆ ರೆಕ್ಕೆ ಇಟ್ಟುಕೊಳ್ಳಲು ಸೆಂಟರಿಗೆ ಪರವಾನಗಿ ಇದೆ, ನಮಗೆ ನಿಮಗೆ ಇಲ್ಲ. 1918ರ ವಲಸೆ ಹಕ್ಕಿ ಕಾಯಿದೆಯ ಪ್ರಕಾರ ಇಲ್ಲಿನ ಬಹುತೇಕ ಕಾಡುಹಕ್ಕಿಗಳ ಗರಿ, ಗೂಡು, ಮೊಟ್ಟೆ ಮನೆಗೆ ಒಯ್ಯುವಂತಿಲ್ಲ, ನೆಲದ ಮೇಲೆ ಬಿದ್ದ ಗರಿಯನ್ನು ಕೂಡ. ನೋಡಿ, ಫೋಟೋ ತೆಗೆದು, ಅಲ್ಲೇ ಬಿಡಬೇಕು.

ಫೀಲ್ಡ್ ಗೈಡ್, ಅಂದರೆ ಹಕ್ಕಿ ಗುರುತಿಸುವ ಪುಸ್ತಕದ ಷರತ್ತನ್ನು ತಪ್ಪಾಗಿ ಓದಿಕೊಳ್ಳುವವರು ಬಹಳ. ಕಡಲಹಕ್ಕಿ, ಪ್ಲೋವರ್, ಗಿಡುಗ, ವಾರ್ಬ್ಲರ್ ಅಥವಾ ವಿರಿಯೋ, ಬಕ ಅಥವಾ ಬೆಳ್ಳಕ್ಕಿ, ಸ್ಪ್ಯಾರೋ, ಹೊರದೇಶದಿಂದ ಬಂದದ್ದು ಎಂಬ ಪಟ್ಟಿ ನೋಡಿ, ಇವನ್ನೆಲ್ಲ ಕಣ್ಣಾರೆ ನೋಡಲೇಬೇಕೆಂದು ಭಾವಿಸಿ ಕಡಲತೀರಕ್ಕೆ ಓಡುತ್ತಾರೆ. ಇಲ್ಲಿ ಬೇಕಿರುವುದು ಪುಸ್ತಕದ ಭೂಪಟ ಓದುವುದು: ಹಕ್ಕಿ ಎಲ್ಲಿ ಮರಿ ಮಾಡುತ್ತದೆ, ಚಳಿಗಾಲ ಎಲ್ಲಿ ಕಳೆಯುತ್ತದೆ, ವರ್ಷವಿಡೀ ಎಲ್ಲಿರುತ್ತದೆ ಎಂದು ತೋರಿಸಬೇಕು. ಬಣ್ಣಗಳ ಅರ್ಥ ಪುಸ್ತಕದಿಂದ ಪುಸ್ತಕಕ್ಕೆ ಬೇರೆ, ಆದ್ದರಿಂದ ಮೊದಲ ಪುಟಗಳಲ್ಲಿರುವ ಬಣ್ಣಸೂಚಿ ನೋಡದೆ ಬಾಯಿಬಿಡಬಾರದು.

ಆ ಪಟ್ಟಿಯ ಕೊನೆಯದರಲ್ಲೇ ಹೆಚ್ಚು ಮಕ್ಕಳು ಎಡವುವುದು. ಹೊರದೇಶದಿಂದ 1800ರ ನಂತರ ಉತ್ತರ ಅಮೆರಿಕಕ್ಕೆ ತಂದ ಹಕ್ಕಿಯಾಗಿರಬೇಕು. ಪಾರಿವಾಳ ಎಂದರೆ ನಡೆಯದು, ಅದು 1600ರ ದಶಕದಲ್ಲೇ ಬಂದದ್ದು. ಹೌಸ್ ಫಿಂಚ್ ಎಂದರೂ ನಡೆಯದು. ಪೂರ್ವ ಕರಾವಳಿಗೆ ಅದು ಹೊಸದು ನಿಜ, ಆದರೆ ಮೂಲ ಈ ಖಂಡದ ಪಶ್ಚಿಮ ಭಾಗ. ನಡೆಯುವುದು ನಮ್ಮ ಗುಬ್ಬಚ್ಚಿ. 1851ರಲ್ಲಿ ಬ್ರೂಕ್ಲಿನ್ನಿಗೆ ತಂದ ಗುಬ್ಬಚ್ಚಿಗಳ ಸಂತತಿ ಇಂದು ಇಲ್ಲಿನ ಪ್ರತಿ ಅಂಗಡಿ ಸೂರಿನಲ್ಲಿದೆ. ಗೊರವಂಕದ ಬಂಧು ಸ್ಟಾರ್ಲಿಂಗ್ ಕೂಡ ಆಗುತ್ತದೆ, ಅದನ್ನು 1890ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿಟ್ಟರು. ಬೆಂಗಳೂರಿನಿಂದ ಬಂದ ಅಜ್ಜಿ ‘ಇಲ್ಲೂ ಗುಬ್ಬಿ ಇದ್ಯಲ್ಲ ಪುಟ್ಟ’ ಎಂದರೆ ಆ ಮಾತಿನಲ್ಲೇ ಉತ್ತರ ಇದೆ. ಆದರೆ ಪಟ್ಟಿಯ ‘ಸ್ಪ್ಯಾರೋ’ ಜಾಗಕ್ಕೆ ಗುಬ್ಬಚ್ಚಿ ಬರೆಯದಿರುವುದು ಮೇಲು. ಅಮೆರಿಕದ ಸ್ಪ್ಯಾರೋಗಳು ಬೇರೆ ಕುಟುಂಬ, ಅಲ್ಲಿಗೆ ಸಾಂಗ್ ಸ್ಪ್ಯಾರೋ ಹಾಕಬೇಕು. ಪ್ಲೋವರ್‌ಗೆ ಕಿಲ್‌ಡಿಯರ್ ಸುಲಭ. ನಮ್ಮ ಟಿಟ್ಟಿಭದ ಕುಟುಂಬದ್ದೇ, ಆಟದ ಮೈದಾನ, ಕಾರು ನಿಲ್ಲಿಸುವ ಜಲ್ಲಿ ಜಾಗದಲ್ಲೂ ಸಿಗುತ್ತದೆ.

ಬ್ಯಾಡ್ಜಿನ ಜೀವಾಳ ನೋಟ್‌ಬುಕ್. ಕಂಡು ಗುರುತಿಸಿದ 20 ಬಗೆಯ ಹಕ್ಕಿಗಳು, ಒಂದೊಂದಕ್ಕೂ ಬೇರೆ ದಾಖಲೆ. ದಿನಾಂಕ, ಸಮಯ, ಜಾಗ, ನೆಲೆ, ಎಲ್ಲಿ ಮೇಯುತ್ತದೆ, ಯಾವ ಎರಡು ಆಹಾರ, ವಲಸೆಯದೋ, ಬೇಸಿಗೆ ಅಥವಾ ಚಳಿಗಾಲಕ್ಕೆ ಮಾತ್ರ ಇರುವುದೋ, ವರ್ಷವಿಡೀ ಇರುವುದೋ. ಉದಾಹರಣೆಗೆ ಒಂದು ದಾಖಲೆ ಹೀಗಿರಬಹುದು: ‘ಗ್ರೇ ಕ್ಯಾಟ್‌ಬರ್ಡ್. ಮೇ 10, ಬೆಳಗ್ಗೆ 7:40. ಕೊಳದ ಹಾದಿಯ ಎರಡನೇ ಬೆಂಚಿನ ಹಿಂದೆ, ದಟ್ಟ ಪೊದೆ. ಪೊದೆಯ ಒಳಗೂ ಬುಡದ ತರಗೆಲೆಯಲ್ಲೂ ಮೇಯುತ್ತದೆ. ಇರುವೆ ಮೊದಲಾದ ಕೀಟ, ಸಣ್ಣ ಹಣ್ಣು. ಬೇಸಿಗೆಗೆ ಮಾತ್ರ.’ ಇಷ್ಟಕ್ಕೆ ಎರಡು ನಿಮಿಷ ಸಾಕು. ಆಹಾರ ಮತ್ತು ವಲಸೆಯ ವಿವರವನ್ನು ಪುಸ್ತಕ ನೋಡಿ ತುಂಬಿಸಲು ಷರತ್ತೇ ಅವಕಾಶ ಕೊಟ್ಟಿದೆ. ಖಾಲಿ ಉಳಿಯುವುದು ಸಾಮಾನ್ಯವಾಗಿ ಎರಡನೇ ಆಹಾರ ಮತ್ತು ಸಮಯ. ಸಮಯವನ್ನು ಆಮೇಲೆ ನೆನಪಿನಿಂದ ಬರೆಯಲು ಹೋದರೆ ಇಪ್ಪತ್ತೂ ಹಕ್ಕಿ ‘ಬೆಳಗ್ಗೆ 9’ಕ್ಕೇ ಬಂದಂತಾಗುತ್ತದೆ. ಮೊನೆಯಿರುವ ಪೆನ್ಸಿಲ್, ದಾರದಿಂದ ಕಟ್ಟಿದ್ದು, ಬೇಕು. ಪೆನ್ನಿನ ಶಾಯಿ ಇಬ್ಬನಿಗೆ ಹರಡುತ್ತದೆ.

ಮೇ ತಿಂಗಳ ಒಂದು ಒಳ್ಳೆಯ ನಡಿಗೆಯಲ್ಲಿ ಗುಂಪಿಗೆ ಇಪ್ಪತ್ತಕ್ಕಿಂತ ಹೆಚ್ಚು ಬಗೆ ಕಾಣಬಹುದು, ಆದರೆ ಪ್ರತಿ ಮಗುವೂ ಇಪ್ಪತ್ತನ್ನೂ ನೋಡಿರುವುದಿಲ್ಲ. ಅದಕ್ಕೇ ಎಂಟು ಹತ್ತು ಹಕ್ಕಿಗಳನ್ನು ಮನೆಯ ಸುತ್ತ ಮೊದಲೇ ಬರೆದುಕೊಂಡು ಬನ್ನಿ ಎನ್ನುತ್ತೇವೆ. ರಾಬಿನ್, ಕಾರ್ಡಿನಲ್, ಬ್ಲೂ ಜೇ, ಮೋರ್ನಿಂಗ್ ಡವ್, ಕಾಗೆ, ಕೆನಡಾ ಗೂಸ್, ಮ್ಯಾಲರ್ಡ್, ಟರ್ಕಿ ವಲ್ಚರ್, ಗುಬ್ಬಚ್ಚಿ, ಸ್ಟಾರ್ಲಿಂಗ್: ಅಪಾರ್ಟ್‌ಮೆಂಟಿನ ಬಾಲ್ಕನಿ ಮತ್ತು ಹತ್ತಿರದ ಕೆರೆಯಿಂದಲೇ ಇಷ್ಟೂ ಆಗುತ್ತದೆ.

ಕಷ್ಟದ ಷರತ್ತು ಎಂದರೆ ಕೂಗು. ಆ ಇಪ್ಪತ್ತರಲ್ಲಿ ಐದನ್ನು ಬರಿ ದನಿಯಿಂದ ಗುರುತಿಸಬೇಕು, ದನಿ ಹೇಗಿತ್ತು ಎಂದು ಬರೆಯಬೇಕು, ಆಗ ಹಕ್ಕಿ ಏನು ಮಾಡುತ್ತಿತ್ತು, ಯಾಕೆ ಕೂಗಿರಬಹುದು ಎಂದೂ ಬರೆಯಬೇಕು. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಕಲಿಯಲು ಒಳ್ಳೆಯದು, ಆದರೆ ಫೋನಿನ ಪರದೆ ಓದಿ ಹೇಳಿದರೆ ಗುರುತಿಸಿದ್ದು ಫೋನೇ ಹೊರತು ಮಗುವಲ್ಲ. ಮಾಕಿಂಗ್‌ಬರ್ಡ್, ಕ್ಯಾಟ್‌ಬರ್ಡ್ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತವೆ, ಬ್ಲೂ ಜೇ ಗಿಡುಗದಂತೆ ಕಿರುಚುತ್ತದೆ. ಇಂಥ ಕಡೆ ಆ್ಯಪ್ ಕೂಡ ಮೋಸಹೋಗುತ್ತದೆ. ಹೊಸಬರಿಗೆ ಸುಲಭವಾದ ಐದು: ಕಾಗೆಯ ಕಾ, ಮೋರ್ನಿಂಗ್ ಡವ್‌ನ ಊ–ಆ–ಊ–ಊ–ಊ, ತನ್ನ ಹೆಸರನ್ನೇ ಹೇಳುವ ಚಿಕಡೀ, ಜೊಂಡಿನ ಮೇಲೆ ಕುಳಿತು ‘ಕಾಂಕ–ಲ–ರೀ’ ಎನ್ನುವ ಕೆಂಪು ರೆಕ್ಕೆಯ ಬ್ಲ್ಯಾಕ್‌ಬರ್ಡ್, ಪೊದೆಯೊಳಗಿಂದ ಬೆಕ್ಕಿನ ದನಿ ತೆಗೆಯುವ ಕ್ಯಾಟ್‌ಬರ್ಡ್. ಪುಸ್ತಕದ ಇಂಗ್ಲಿಷ್ ಸಾಲುಗಳು ಬಾಯಿಗೆ ಬರದಿದ್ದರೆ ಮಗು ತನ್ನ ಕಿವಿಗೆ ಕೇಳಿದ ಹಾಗೆ ಬರೆದುಕೊಳ್ಳಲಿ, ಹಾಗೆ ಕಟ್ಟಿಕೊಂಡದ್ದು ಮರೆಯುವುದಿಲ್ಲ.

ಯಾಕೆ ಕೂಗಿತು ಎಂಬುದಕ್ಕೆ ‘ಖುಷಿಯಾಗಿದ್ದಕ್ಕೆ’ ಎಂದು ಬರೆದರೆ ನಾವು ಮತ್ತೆ ಕೇಳುತ್ತೇವೆ. ಬ್ಲ್ಯಾಕ್‌ಬರ್ಡ್ ಗಂಡು ಹೆಗಲ ಕೆಂಪು ಉಬ್ಬಿಸಿ ಹಾಡುತ್ತಿದ್ದರೆ ‘ಈ ಜೊಂಡು ನನ್ನದು’ ಎಂದು ಇನ್ನೊಂದು ಗಂಡಿಗೆ ಹೇಳುತ್ತಿದೆ. ಕರಿಟೋಪಿಯ ಚಿಕಡೀ ಹತ್ತಿರದ ಅಪಾಯ ದೊಡ್ಡದಾದಷ್ಟೂ ಕೊನೆಯ ‘ಡೀ’ಗಳನ್ನು ಹೆಚ್ಚಿಸುತ್ತದೆ. ಗುಂಪು ಮರದಡಿ ಬಂದ ಕೂಡಲೇ ಡೀ ಎಷ್ಟು ಬಾರಿ ಕೇಳಿಸಿತು ಎಂದು ಎಣಿಸಿ ಬರೆದರೆ ಅದು ಚೆನ್ನಾದ ದಾಖಲೆ. ನ್ಯೂಜೆರ್ಸಿಯ ಉತ್ತರದಲ್ಲಿ ಈ ಕರಿಟೋಪಿಯದು, ದಕ್ಷಿಣದಲ್ಲಿ ಕ್ಯಾರೊಲಿನಾ ಚಿಕಡೀ, ನಡುವೆ ಎರಡೂ ಸೇರುತ್ತವೆ. ಅಲ್ಲಿ ಭೂಪಟ ನೋಡಿಯೇ ಹೆಸರು ಬರೆಯಬೇಕು.

ಕೊನೆಯ ಕೆಲಸಕ್ಕೆ ನಮ್ಮಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಕಾಳಿನ ತಟ್ಟೆ, ಅಂದರೆ ಫೀಡರ್. ಬಣ್ಣ ಹಚ್ಚದ, ರಾಸಾಯನಿಕ ಕುಡಿಸದ ಸೀಡರ್ ಹಲಗೆ ತೆಗೆದುಕೊಳ್ಳಿ, ಅಗಲ ಎರಡೂವರೆ ಇಂಚು. ಅಂಗಡಿಯಲ್ಲಿ ಒಂದಿಂಚು ದಪ್ಪ ಎಂದು ಮಾರುವ ಹಲಗೆ ನಿಜವಾಗಿ ಮುಕ್ಕಾಲು ಇಂಚು. ಹನ್ನೆರಡು ಇಂಚಿನ ಚೌಕಕ್ಕೆ 12 ಇಂಚಿನವು ಎರಡು, 10½ ಇಂಚಿನವು ಎರಡು ಕೊಯ್ಯಬೇಕು. ದಪ್ಪವನ್ನು ಒಂದಿಂಚೆಂದು ನಂಬಿ ಎರಡನ್ನು 10 ಇಂಚಿಗೆ ಕೊಯ್ದರೆ ಚೌಕ ಅರ್ಧ ಇಂಚು ಕಿರಿದಾಗಿ, ತಳದ ಜಾಲರಿ ಒಂದು ಕಡೆ ಹೊರಚಾಚುತ್ತದೆ. ಸೀಡರ್ ತುದಿಯಲ್ಲಿ ಬೇಗ ಸೀಳುತ್ತದೆ, ಹಾಗಾಗಿ ಸ್ಕ್ರೂಗಿಂತ ಸಣ್ಣ ತೂತನ್ನು ಮೊದಲೇ ಕೊರೆಯಬೇಕು. ಮೂಲೆಗೆ ಎರಡರಂತೆ ಎಂಟು ಸ್ಕ್ರೂ. ತಳಕ್ಕೆ ಮರದ ಹಲಗೆ ಬೇಡ, ಸಣ್ಣ ಕಣ್ಣಿನ ಅಲ್ಯುಮಿನಿಯಂ ಜಾಲರಿ ಹಾಕಿ ಸ್ಟೇಪಲ್ ಹೊಡೆಯಬೇಕು. ನೀರು ನಿಂತರೆ ಕಾಳು ಬೂಷ್ಟು ಹಿಡಿದು ಹಕ್ಕಿಗಳಿಗೆ ಕಾಯಿಲೆ ತರುತ್ತದೆ. ನಾಲ್ಕು ಮೂಲೆಗೆ ಕೊಂಡಿ, ಸರಪಳಿ. ಮರ ಕೊಯ್ಯುವುದನ್ನು ದೊಡ್ಡವರು ಮುಗಿಸಿಟ್ಟಿರುತ್ತಾರೆ, ಜೋಡಿಸುವುದು ಮಗುವಿನ ಕೆಲಸ.

ಕರಿ ಸೂರ್ಯಕಾಂತಿ ಬೀಜ ಒಂದೇ ಸಾಕು. ಅಗ್ಗದ ಮಿಶ್ರಣದ ಕೆಂಪು ಜೋಳವನ್ನು ಇಲ್ಲಿನ ಹಕ್ಕಿಗಳು ಕೆಳಗೆ ಚೆಲ್ಲುತ್ತವೆ, ಅದಕ್ಕೆ ಇಲಿ ಬರುತ್ತದೆ. ಊರಿನಲ್ಲಿ ಮಾಡುವಂತೆ ಅನ್ನ ಹಾಕಬೇಡಿ, ಹಳಸುತ್ತದೆ. ಕಿಟಕಿಯಿಂದ ಮೂರು ಅಡಿಯೊಳಗೆ ಅಥವಾ ಮೂವತ್ತು ಅಡಿಯಾಚೆ ತೂಗುಹಾಕಬೇಕು. ನಡುವಿನ ದೂರದಲ್ಲಿದ್ದರೆ ಬೆದರಿದ ಹಕ್ಕಿ ವೇಗವಾಗಿ ಬಂದು ಗಾಜಿಗೆ ಬಡಿಯುತ್ತದೆ. ಎರಡು ವಾರಕ್ಕೊಮ್ಮೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ತೊಳೆದು, ಪೂರ್ತಿ ಒಣಗಿದ ಮೇಲೆ ಕಾಳು ಹಾಕಬೇಕು. ರಾಜ್ಯದ ವಾಯುವ್ಯ ಭಾಗದಂತೆ ಕಪ್ಪು ಕರಡಿ ಓಡಾಡುವ ಕಡೆ ವಸಂತದಿಂದ ಚಳಿಗಾಲದ ಆರಂಭದವರೆಗೆ ಫೀಡರ್ ಹಾಕಲೇಬಾರದು. ಅಪಾರ್ಟ್‌ಮೆಂಟಿನಲ್ಲಿ ಅನುಮತಿ ಇಲ್ಲದಿದ್ದರೆ ಮನೆಯಂಗಳವೇ ಆಗಬೇಕೆಂದಿಲ್ಲ. ಸೆಂಟರಿನ ಅಂಗಳದಲ್ಲೋ ದೇವಸ್ಥಾನದ ಹಿಂದಿನ ಜಾಗದಲ್ಲೋ ಕೇಳಿ ಹಾಕಬಹುದು. ಯಾವ ಹಕ್ಕಿ ಬರಲೆಂದು ಹಾಕಿದ್ದು, ಯಾಕೆ ಎಂಬುದಕ್ಕೆ ಮಗುವಿನ ಬಳಿ ಉತ್ತರ ಇರಬೇಕು.

ಅಂದಿಗೆ ಮುಗಿಯದಿದ್ದರೆ ಮುಗಿದ ಷರತ್ತುಗಳಿಗೆ ಮಾತ್ರ ಕಾರ್ಡಿನಲ್ಲಿ ಸಹಿ ಬೀಳುತ್ತದೆ. ಉಳಿದದ್ದಕ್ಕೆ ಹದಿನೆಂಟನೇ ಹುಟ್ಟುಹಬ್ಬದವರೆಗೂ ಕಾಲವಿದೆ; ಬೇರೆ ಕೌನ್ಸೆಲರ್ ಹತ್ತಿರ ಮುಗಿಸಿದರೂ ಆಗುತ್ತದೆ. ಸಾಮಾನ್ಯವಾಗಿ ಉಳಿಯುವುದು ಫೀಡರ್ ತೂಗುಹಾಕುವುದು ಮತ್ತು ಒಂದೆರಡು ಕೂಗು. ಫೀಡರ್ ಫೋಟೋ, ನೋಟ್‌ಬುಕ್ ಹಿಡಿದು ಮತ್ತೆ ಭೇಟಿಯಾಗುವಾಗಲೂ ಮಗುವಿನ ಜೊತೆ ಇನ್ನೊಬ್ಬರು ಬರಬೇಕು, ಕೌನ್ಸೆಲರ್ ಮತ್ತು ಮಗು ಇಬ್ಬರೇ ಕೂರುವಂತಿಲ್ಲ. ಎಲ್ಲ ಸಹಿ ಆದ ಮೇಲೆ ಕೌನ್ಸೆಲರ್ ತಮ್ಮ ಭಾಗ ಹರಿದು ಇಟ್ಟುಕೊಂಡು ಉಳಿದೆರಡನ್ನು ಮಗುವಿನ ಕೈಗೆ ಕೊಡುತ್ತಾರೆ. ಮಗು ಅದನ್ನು ಸ್ಕೌಟ್‌ಮಾಸ್ಟರ್‌ಗೆ ತಲುಪಿಸಬೇಕು. ಬ್ಯಾಡ್ಜ್ ಬರುವುದು ಟ್ರೂಪಿನಿಂದ, ಸೆಂಟರಿನಿಂದಲ್ಲ. ಸ್ಕೌಟ್‌ಮಾಸ್ಟರ್ ಸಹಿ ಹಾಕಿ ಹಿಂದಿರುಗಿಸಿದ ಮಗುವಿನ ಭಾಗವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ, ಫೋನಿನಲ್ಲಿ ಫೋಟೋ ತೆಗೆದು, ಸ್ಕೌಟುಗಳ ಅತ್ಯುನ್ನತ ದರ್ಜೆಯಾದ ಈಗಲ್‌ಗೆ ಅರ್ಜಿ ಹಾಕುವ ದಿನದವರೆಗೂ ಜೋಪಾನವಾಗಿಡಿ. ಟ್ರೂಪ್ ಬದಲಾದಾಗ, ಊರು ಬದಲಾದಾಗ ಕಂಪ್ಯೂಟರಿನ ದಾಖಲೆ ಕೈಕೊಟ್ಟರೆ ಆ ಒಂದು ಚೀಟಿಯೇ ಸಾಕ್ಷಿ.